ಹಗಿಯಾ ಸೋಫಿಯಾ: ಮೂರು ಶತಮಾನ ಸೇರಿ ಕಟ್ಟಿದ ಗುಮ್ಮಟ

[ದೃಶ್ಯ: ನೆಲದಿಂದ ಮೇಲಕ್ಕೆ ಸಾಗುವ ಕ್ಯಾಮೆರಾ, ಗುಮ್ಮಟದ ಒಳಭಾಗ]

ನಮಸ್ಕಾರ. ಈಗ ನೀವು ನೋಡುತ್ತಿರುವುದು ಇಸ್ತಾಂಬುಲ್‌ನಲ್ಲಿ ಚರ್ಚ್ ಆಗಿ ಎದ್ದ ಹಗಿಯಾ ಸೋಫಿಯಾದ ಗುಮ್ಮಟ. ಎತ್ತರ ಸುಮಾರು 55 ಮೀಟರ್, ಅಗಲ ಸುಮಾರು 31 ಮೀಟರ್. ಇದನ್ನು 6ನೇ ಶತಮಾನದ ಬೈಜಾಂಟೈನ್ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಎಂದು ಎಲ್ಲ ಕಡೆ ಓದುತ್ತೇವೆ. ನಿಜವೇ. ಆದರೆ ಅವನು ಮೊದಲು ಕಟ್ಟಿಸಿದ ಗುಮ್ಮಟ ಇದಲ್ಲ. ಅದು ಅವನ ಕಾಲದಲ್ಲೇ ಕುಸಿದುಬಿತ್ತು.

[ದೃಶ್ಯ: ಕಾನ್‌ಸ್ಟಾಂಟಿನೋಪಲ್ ನಕ್ಷೆ]

532ರ ಜನವರಿ. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಚಕ್ರವರ್ತಿಯ ವಿರುದ್ಧ ನಿಕಾ ದಂಗೆ ಎದ್ದು ಹಳೆಯ ಚರ್ಚ್ ಸುಟ್ಟುಹೋಯಿತು. ಫೆಬ್ರವರಿಯಲ್ಲೇ ಹೊಸದರ ಕೆಲಸ ಶುರು. ಹೊಣೆ ಹೊತ್ತವರು ಟ್ರಾಲೆಸ್‌ನ ಆಂಥೆಮಿಯಸ್ ಮತ್ತು ಮಿಲೆಟಸ್‌ನ ಇಸಿಡೋರ್. ಇಬ್ಬರೂ ರೇಖಾಗಣಿತದಲ್ಲಿ ಪಳಗಿದವರು. 537ರ ಡಿಸೆಂಬರ್ 27ಕ್ಕೆ ಉದ್ಘಾಟನೆಯೂ ಆಗಿಹೋಯಿತು. ಇಷ್ಟು ದೊಡ್ಡ ಕಟ್ಟಡಕ್ಕೆ ಆರು ವರ್ಷವೂ ಹಿಡಿಯಲಿಲ್ಲ!

[ಗ್ರಾಫಿಕ್: ಚೌಕ, ನಾಲ್ಕು ಕಮಾನು, ಮೇಲೆ ವೃತ್ತ]

ಅವರ ಮುಂದಿದ್ದ ಸವಾಲು ನೋಡಿ. ಕೆಳಗೆ ಚೌಕ, ಮೇಲೆ ವೃತ್ತ. ನಾಲ್ಕು ಮೂಲೆಗೆ ನಾಲ್ಕು ಭಾರಿ ಕಂಬ, ಅವುಗಳ ನಡುವೆ ನಾಲ್ಕು ಕಮಾನು. ಕಮಾನುಗಳ ಸಂದಿನಲ್ಲಿ ಉಳಿಯುವ ಜಾಗವನ್ನು ಬಾಗಿದ ತ್ರಿಕೋನಗಳಿಂದ ತುಂಬಿದರು. ಇವುಗಳಿಗೆ ಪೆಂಡೆಂಟಿವ್ ಎನ್ನುತ್ತಾರೆ. ಮೇಲಕ್ಕೆ ಹೋಗುತ್ತಾ ಈ ನಾಲ್ಕೂ ಕೂಡಿಕೊಂಡು ಒಂದು ಉಂಗುರವಾಗುತ್ತವೆ. ಗುಮ್ಮಟ ಆ ಉಂಗುರದ ಮೇಲೆ ಕೂರುತ್ತದೆ. ಅದರ ಬುಡದ ಸುತ್ತ 40 ಕಿಟಕಿ. ಬೆಳಕು ಅಲ್ಲಿಂದ ನುಗ್ಗುವುದರಿಂದ ಗುಮ್ಮಟಕ್ಕೆ ಆಧಾರವೇ ಇಲ್ಲವೇನೋ ಅನಿಸುತ್ತದೆ. ಸ್ವರ್ಗದಿಂದ ಬಂಗಾರದ ಸರಪಳಿಯಲ್ಲಿ ಇಳಿಬಿಟ್ಟಂತಿದೆ ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದ.

ಆದರೆ ಭಾರಕ್ಕೆ ಭ್ರಮೆ ಗೊತ್ತಿಲ್ಲ. ಗುಮ್ಮಟ ಕೆಳಕ್ಕೆ ಒತ್ತುವುದರ ಜೊತೆಗೆ ಹೊರಕ್ಕೂ ತಳ್ಳುತ್ತದೆ. ಚಪ್ಪಟೆಯಾದಷ್ಟೂ ಆ ತಳ್ಳು ಜಾಸ್ತಿ. ಮೊದಲ ಗುಮ್ಮಟ ಚಪ್ಪಟೆಯಾಗಿತ್ತು. ಪೂರ್ವ, ಪಶ್ಚಿಮಕ್ಕೆ ಅರ್ಧಗುಮ್ಮಟಗಳ ಆಸರೆಯಿತ್ತು. ಉತ್ತರ, ದಕ್ಷಿಣಕ್ಕೆ ಅದೂ ಇರಲಿಲ್ಲ. ಇಟ್ಟಿಗೆಗಳ ನಡುವಿನ ಗಾರೆ ದಪ್ಪ, ಗಟ್ಟಿಯಾಗಲು ಬಹಳ ಕಾಲ ಬೇಡುವಂಥದ್ದು. ಅವಸರದ ಕೆಲಸದಲ್ಲಿ ಅದು ಪೂರ್ತಿ ಬಿಗಿಯುವ ಮುನ್ನವೇ ಮೇಲಿಂದ ಭಾರ ಬಿತ್ತು. ಕಂಬಗಳು ಹೊರಕ್ಕೆ ವಾಲಿದವು. ಮೇಲಿಂದ ಮೇಲೆ ಭೂಕಂಪಗಳು. 558ರ ಮೇ ತಿಂಗಳಲ್ಲಿ ಗುಮ್ಮಟ ಕುಸಿಯಿತು.

ನನ್ನ ಮಟ್ಟಿಗೆ ಈ ಕಟ್ಟಡದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆಯಿಲ್ಲ. ಯಾಕೆಂದರೆ ಇಸಿಡೋರನ ಸೋದರಳಿಯ, ಕಿರಿಯ ಇಸಿಡೋರ್, ಹಳೆಯದನ್ನೇ ನಕಲು ಮಾಡಲಿಲ್ಲ. ಗುಮ್ಮಟವನ್ನು ಸುಮಾರು 6 ಮೀಟರ್ ಎತ್ತರಿಸಿದ. ಹೊರತಳ್ಳು ತಗ್ಗಿತು. 562ರಲ್ಲಿ ಚರ್ಚ್ ಮತ್ತೆ ತೆರೆಯಿತು.

[ಗ್ರಾಫಿಕ್: ಗುಮ್ಮಟದ ಭಾಗಗಳು ಮೂರು ಬಣ್ಣದಲ್ಲಿ]

989ರ ಭೂಕಂಪದಲ್ಲಿ ಪಶ್ಚಿಮದ ಭಾಗ ಬಿತ್ತು. ಅದನ್ನು ಸರಿಪಡಿಸಿದವನು ಅರ್ಮೇನಿಯಾದ ವಾಸ್ತುಶಿಲ್ಪಿ ತ್ರ್ದಾತ್, ಆನಿ ನಗರದ ಕೆಥೆಡ್ರಲ್‌ನ ವಿನ್ಯಾಸಕಾರ. 1346ರಲ್ಲಿ ಪೂರ್ವದ ಭಾಗದ ಸರದಿ. ಹಾಗಾಗಿ ಇಂದಿನ ಗುಮ್ಮಟದ ಉತ್ತರ ದಕ್ಷಿಣ ಭಾಗಗಳು 6ನೇ ಶತಮಾನದವು, ಪಶ್ಚಿಮದ್ದು 10ನೆಯದು, ಪೂರ್ವದ್ದು 14ನೆಯದು.

1453ರಲ್ಲಿ ಒಟ್ಟೋಮನ್ ತುರ್ಕರು ನಗರ ಗೆದ್ದಾಗ ಮಸೀದಿ, 1935ರಲ್ಲಿ ವಸ್ತುಸಂಗ್ರಹಾಲಯ, 2020ರಲ್ಲಿ ಮತ್ತೆ ಮಸೀದಿ. ಈ ರಾಜಕೀಯದ ಚರ್ಚೆ ಬೇಕಾದಷ್ಟು ನಡೆದಿದೆ. ಕಟ್ಟಡವನ್ನು ಉಳಿಸಿದವರ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. 16ನೇ ಶತಮಾನದಲ್ಲಿ ಒಟ್ಟೋಮನ್ ವಾಸ್ತುಶಿಲ್ಪಿ ಸಿನಾನ್ ಹೊರಗಿನಿಂದ ಆಸರೆ ಗೋಡೆಗಳನ್ನು ಬಲಪಡಿಸಿದ. 1847ರಿಂದ 1849ರವರೆಗೆ ಸ್ವಿಸ್ ವಾಸ್ತುಶಿಲ್ಪಿಗಳಾದ ಫೊಸಾಟಿ ಸಹೋದರರು ದೊಡ್ಡ ದುರಸ್ತಿ ನಡೆಸಿದರು.

[ದೃಶ್ಯ: ಮೇಲಿನ ಗ್ಯಾಲರಿಯ ಕಂಬಗಳು]

ವಿದೇಶಿ ಪ್ರವಾಸಿಗರಿಗೆ ಈಗ ಪ್ರವೇಶ ಮೇಲಿನ ಗ್ಯಾಲರಿಗೆ. ಹೋದರೆ ಮೊಸಾಯಿಕ್‌ಗಳ ಜೊತೆ ಕಂಬಗಳನ್ನೂ ಗಮನಿಸಿ. ಕೆಲವು ಬರಿಗಣ್ಣಿಗೇ ಕಾಣುವಷ್ಟು ಹೊರಕ್ಕೆ ವಾಲಿವೆ. ಆ ಹೊರತಳ್ಳಿನ ಗುರುತು ಅದೇ.