ದೀಪಕ್ಕೆ ಮುಂಚೆ ಲೆಕ್ಕ

ಎಲ್ಲಾ ಕೇಳುಗರಿಗೂ ನಮಸ್ಕಾರ. ಹಳೆ ಬುಲೆಟ್ಟು, ಜಾವಾ, ಯೆಜ್ಡಿ ಇಟ್ಕೊಂಡು, ಅದಕ್ಕೆ ಆ ಕಾಲದ ಎಕ್ಸ್‌ಟ್ರಾ ಲೈಟುಗಳನ್ನ ಹಾಕಿ ಸಿಂಗಾರ ಮಾಡ್ಬೇಕು ಅಂತ ಆಸೆ ಇರೋರಿಗೆ ನಾಲ್ಕು ಮಾತು ಹೇಳಿ ಅಂತ ಕರೆದಿದಾರೆ. ನಾಲ್ಕು ಮಾತು ನನ್ನ ಹತ್ರ ಇಲ್ಲ ಸ್ವಾಮಿ, ಇರೋದು ಒಂದೇ. ದೀಪ ಕೊಳ್ಳೋಕೆ ಮುಂಚೆ ಕರೆಂಟಿನ ಲೆಕ್ಕ ಹಾಕಿ. ನಾನು ಚಿಕ್ಕಬಳ್ಳಾಪುರದಲ್ಲಿ ಹಳೆ ಗಾಡಿಗಳ ವೈರಿಂಗ್ ಕೆಲಸ ಮಾಡೋನು, ದಿನಾ ಬೆಳಗಾದ್ರೆ ಇದನ್ನೇ ಹೇಳ್ತೀನಿ, ಕೇಳೋರು ತಲೆ ಆಡಿಸ್ತಾರೆ, ಮಾರನೇ ದಿನ ಹೋಗಿ ದೀಪ ತಂದ್ಬಿಡ್ತಾರೆ.

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ರಸ್ತೇಲಿ ನಿಂತ್ಕೊಂಡು ನೋಡಿ. ಬೆಂಗಳೂರು ಕಡೆಯಿಂದ ಗಾಡಿಗಳು ಸಾಲಾಗಿ ಬರ್ತವೆ. ಅದರಲ್ಲಿ ಯಾವುದೋ ಒಂದು ಹಳೆ ಬುಲೆಟ್ಟು, ಹೆಡ್‌ಲೈಟಿನ ಎರಡೂ ಕಡೆ ಕ್ರೋಮ್ ದೀಪ, ಕ್ರ್ಯಾಶ್ ಗಾರ್ಡ್ ಮೇಲೆ ಹಳದಿ ಗಾಜಿನ ಫಾಗ್ ಲ್ಯಾಂಪು, ಮುಂದಿನ ಮಡ್‌ಗಾರ್ಡ್ ತುದೀಲಿ ಒಂದು ಪುಟ್ಟ ಲೈಟು, ಮಂಜಿನ ಮಧ್ಯ ಹಂಗೇ ಮೆಲ್ಲಗೆ ಬರುತ್ತೆ ನೋಡಿ, ಎಷ್ಟು ಚೆನ್ನಾಗಿರುತ್ತೆ! ನಂಗೂ ಆಸೆನೇ, ಬೇಡ ಅಂತ ಹೇಳೋಕೆ ನಾನು ಬಂದಿಲ್ಲ.

ಈ ಷೋಕಿ ಬಂದಿದ್ದು ದೂರ ದೂರ ಹೋಗೋ ಗಾಡಿಗಳಿಂದ. ಅಮೆರಿಕದಲ್ಲಿ ಹಾರ್ಲೆ ಡೇವಿಡ್ಸನ್‌ನೋರು 1949ರಲ್ಲಿ ಹೈಡ್ರಾ ಗ್ಲೈಡ್ ಅಂತ ಬಿಟ್ರು, 1958ರಲ್ಲಿ ಡ್ಯುಯೋ ಗ್ಲೈಡ್. ಜನ ಅದಕ್ಕೆ ದೊಡ್ಡ ಗಾಜು, ಪಕ್ಕಕ್ಕೆ ಪೆಟ್ಟಿಗೆ, ಹೆಡ್‌ಲೈಟಿನ ಆಚೆ ಈಚೆ ಎರಡು ಪಾಸಿಂಗ್ ಲ್ಯಾಂಪು ಅಂತ ಹಾಕ್ತಾ ಹೋದ್ರು, ಅಲ್ಲಿನ ಪೊಲೀಸ್ ಗಾಡಿಗಳಲ್ಲೂ ಅದೇ ಥರ ಇರ್ತಿತ್ತು. ಆದ್ರೆ ಆ ದೊಡ್ಡ ಗಾಡಿಗಳೂ 1964ರ ತನಕ 6 ವೋಲ್ಟೇ ಸ್ವಾಮಿ. 1965ರಲ್ಲಿ ಎಲೆಕ್ಟ್ರಾ ಗ್ಲೈಡ್ ಬಂದಾಗ ಸೆಲ್ಫ್ ಸ್ಟಾರ್ಟ್ ಕೊಟ್ರು, 6 ವೋಲ್ಟ್ ಬಿಟ್ಟು 12 ವೋಲ್ಟಿಗೆ ಬಂದ್ರು. ಕಂಪನಿಯೋರೇ ಮೊದಲು ಲೆಕ್ಕ ಹಾಕಿ ಆಮೇಲೆ ಭಾರ ಹೊರಿಸಿದಾರೆ, ಇದನ್ನ ಗಮನಿಸಿ.

ದೀಪ ಮಾಡೋರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲೂಕಾಸ್, ಫ್ರಾನ್ಸಿನ ಮಾರ್ಷಲ್ ಮತ್ತೆ ಸಿಬಿಯೆ, ಜರ್ಮನಿಯ ಹೆಲ್ಲಾ, ಇವೆಲ್ಲಾ ಹೆಸರು ಮಾಡಿದವು. ಮಾರ್ಷಲ್ ದೀಪದ ಮೇಲೆ ಬೆಕ್ಕಿನ ಮುಖ ಇರುತ್ತೆ, ಒಂದು ಸಲ ನೋಡಿದ್ರೆ ಮರೆಯಲ್ಲ. ಹಳದಿ ಬೆಳಕಿನ ಹುಚ್ಚು ಬಂದಿದ್ದೂ ಫ್ರಾನ್ಸಿಂದಾನೇ, ಅಲ್ಲಿ 1993ರ ತನಕ ಗಾಡಿಗಳ ಹೆಡ್‌ಲೈಟು ಹಳದೀನೇ ಇರ್ಬೇಕು ಅಂತ ಕಾನೂನಿತ್ತು. ನಮ್ಮಲ್ಲಿ ನೋಡಿ, 1955ರಿಂದ ಮದ್ರಾಸಲ್ಲಿ ಎನ್‌ಫೀಲ್ಡ್, 1961ರಿಂದ 1996ರ ತನಕ ಮೈಸೂರಲ್ಲಿ ಐಡಿಯಲ್ ಜಾವಾ. ಬುಲೆಟ್ಟಿನ ಹೆಡ್‌ಲೈಟ್ ಮೇಲೆ ಕಣ್ಣಿನ ಥರ ಎರಡು ಸಣ್ಣ ದೀಪ ಇರ್ತವಲ್ಲ, ಟೈಗರ್ ಲ್ಯಾಂಪು ಅಂತೀವಿ, ಅದಕ್ಕಿಂತ ಅಂದದ ಎಕ್ಸ್‌ಟ್ರಾ ಲೈಟು ನಾನಂತೂ ನೋಡಿಲ್ಲ, ಅದು ಕಂಪನೀಲೇ ಬಂದಿರೋದು, ಕರೆಂಟೂ ಹೆಚ್ಚು ಕೇಳಲ್ಲ. ಅದನ್ನೇ ಎಷ್ಟೋ ಜನ ಉರಿಸಲ್ಲ, ಬಲ್ಬ್ ಹೋಗಿ ವರ್ಷಗಟ್ಟಲೆ ಆಗಿರುತ್ತೆ, ಹೊಸ ದೀಪ ಹುಡುಕ್ಕೊಂಡು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗ್ತಾರೆ.

ಸರಿ, ಲೆಕ್ಕಕ್ಕೆ ಬರೋಣ. ಗಾಡೀಲಿ ಕರೆಂಟ್ ಮಾಡೋದು ಬ್ಯಾಟರಿ ಅಲ್ಲ, ಡೈನಮೋ ಅಥವಾ ಆಲ್ಟರ್ನೇಟರು. ಬ್ಯಾಟರಿ ಸುಮ್ಮನೆ ತುಂಬಿಟ್ಕೊಳ್ಳುತ್ತೆ. ನಮ್ಮ ಜಿಲ್ಲೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಡೈನಮೋ ಬೋರ್‌ವೆಲ್ಲು, ಬ್ಯಾಟರಿ ತೊಟ್ಟಿ, ಬೋರಲ್ಲಿ ಒಂದಿಂಚು ನೀರು ಬರ್ತಿದ್ರೆ ತೊಟ್ಟಿ ಎಷ್ಟು ದೊಡ್ಡದು ಕಟ್ಟಿದ್ರೂ ನಾಲ್ಕು ಎಕರೆ ದ್ರಾಕ್ಷಿ ಆಗಲ್ಲ. ಹಳೇ ಜಾವಾ 250ರ ಡೈನಮೋ 6 ವೋಲ್ಟು, 45 ವ್ಯಾಟು. ಅದಕ್ಕೆ 35 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಹಾಕಿ, ಹಿಂದೆ ಟೇಲ್ ಲ್ಯಾಂಪಿಗೆ ಒಂದು 5 ವ್ಯಾಟು, ಅಲ್ಲಿಗೆ 40 ಹೋಯ್ತು. ಇಂಜಿನ್ನಿಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್ಲೂ ಅದರಿಂದಾನೇ ಉಣ್ಬೇಕು. ಇನ್ನು ನೀವು 55 ವ್ಯಾಟಿಂದು ಜೋಡಿ ಸ್ಪಾಟ್ ಲ್ಯಾಂಪ್ ತಂದ್ರೆ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ, ಹೇಳಿ?

ವ್ಯಾಟನ್ನ ವೋಲ್ಟಿಂದ ಭಾಗಿಸಿದ್ರೆ ಆಂಪ್ ಬರುತ್ತೆ. 110 ವ್ಯಾಟನ್ನ 12ರಿಂದ ಭಾಗಿಸಿ, 9 ಆಂಪಿನ ಮೇಲೆ. ಅದೇ 110 ವ್ಯಾಟು 6 ವೋಲ್ಟ್ ಗಾಡೀಲಿ ಅಂದ್ರೆ 18 ಆಂಪಿನ ಮೇಲೆ. ವೋಲ್ಟ್ ಕಮ್ಮಿ ಆದಷ್ಟೂ ಆಂಪ್ ಜಾಸ್ತಿ, ವೈರು ದಪ್ಪ ಬೇಕು. ಪಕ್ಕದ ಕೋಲಾರದೋರಿಗೆ ಇದು ಗೊತ್ತಿರ್ಬೇಕು, 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ತಂದ್ರಲ್ಲ, ಸಾವಿರಾರು ವೋಲ್ಟಿಗೆ ಏರಿಸಿ ತಂದಿದ್ದಕ್ಕೇ ಅಷ್ಟು ದೂರಕ್ಕೆ ತಂತಿ ತಡೀತು. 6 ವೋಲ್ಟ್ ಗಾಡೀಲಿ ಇದು ಉಲ್ಟಾ, ವೈರು ತೆಳ್ಳಗಿದ್ರೆ ಒಂದು ಮೀಟರಲ್ಲೇ ಎಷ್ಟೋ ಬೆಳಕು ಹೋಗ್ಬಿಡುತ್ತೆ. ಬಲ್ಬಿಗೆ ಸಿಗೋ ವೋಲ್ಟಲ್ಲಿ ನೂರಕ್ಕೆ 10 ಕಮ್ಮಿ ಆದ್ರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತೆ. ಎಷ್ಟೋ ಸಲ ದೀಪ ಸರಿಯಾಗೇ ಇರುತ್ತೆ, ವೈರು ಬಡಕಲು.

ಈಗ ಒಂದು ಮದುವೆ ಕತೆ ಹೇಳ್ತೀನಿ. ಶಿಡ್ಲಘಟ್ಟದ ಕಡೆಯೋರು ಒಬ್ರು ರೇಷ್ಮೆ ಗೂಡು ವ್ಯಾಪಾರಿ, ಹೆಸರು ಬೇಡ, ಒಳ್ಳೇ ಮನುಷ್ಯ. ಅವರ ತಂದೆ ಕಾಲದ ಬುಲೆಟ್ಟು, ಮೊದಲು 6 ವೋಲ್ಟ್ ಇದ್ದಿದ್ದು, ಆಮೇಲೆ ಯಾರೋ 12 ವೋಲ್ಟಿಗೆ ಮಾಡ್ಕೊಟ್ಟಿದ್ರು. ಅಕ್ಕನ ಮಗನ ಮದುವೆ ಬಂತು. ಅಳಿಯನ್ನ ಜೀಪಲ್ಲಿ ಮೆರವಣಿಗೆ ಮಾಡೋದು ಹಳೇದಾಯ್ತು, ಬುಲೆಟ್ ಮೇಲೆ ಕೂರ್ಸಿ ಮಾಡೋಣ ಅಂತ ಇವರಿಗೆ ಹೊಳೀತು. ಯಾವುದೋ ಅಮೆರಿಕದ ಗಾಡಿ ಫೋಟೋ ಮೊಬೈಲಲ್ಲಿ ಇಟ್ಕೊಂಡು ಅಂಗಡಿಗೆ ಬಂದ್ರು, ‘ಅಣ್ಣಾ, ಹಿಂಗೇ ಬೇಕು’ ಅಂದ್ರು. ನಾನು, ‘ಯಜಮಾನ್ರೇ, ಎರಡು ಹಾಕೋಣ, ಅದೂ ಕಮ್ಮಿ ವ್ಯಾಟಿಂದು’ ಅಂದೆ. ‘ಎರಡು ಹಾಕೋಕೆ ನಿಮ್ಮ ಹತ್ರ ಯಾಕಣ್ಣ ಬರ್ಬೇಕು’ ಅಂತ ನಕ್ಕು ಎದ್ದು ಹೋದ್ರು. ಬೇರೆ ಎಲ್ಲೋ ಕೆಲಸ ಮಾಡಿಸಿದ್ರು. ಮೇಲೆ ಎರಡು ಸ್ಪಾಟ್ ಲ್ಯಾಂಪು, ಕೆಳಗೆ ಗಾರ್ಡಿಗೆ ಎರಡು ಫಾಗ್ ಲ್ಯಾಂಪು, ನಾಲ್ಕೂ 55 ವ್ಯಾಟಿಂದೇ. ಲೆಕ್ಕ ಹಾಕ್ಕೊಳ್ಳಿ, 220 ವ್ಯಾಟು, 18 ಆಂಪು. ಹೆಡ್‌ಲೈಟ್ ಇನ್ನೂ ಸೇರಿಸಿಲ್ಲ ನಾನು.

ಮದುವೆ ಹಿಂದಿನ ರಾತ್ರಿ ಮೆರವಣಿಗೆ ಹೊರಡ್ತು. ಮುಂದೆ ಬ್ಯಾಂಡ್ ಸೆಟ್ಟು, ತಮಟೆ, ಹುಡುಗರ ಕುಣಿತ, ಹಿಂದೆ ಬುಲೆಟ್ ಮೇಲೆ ಮದುವೆ ಗಂಡು, ಪೇಟ ಕಟ್ಕೊಂಡು, ಹಾರ ಹಾಕ್ಕೊಂಡು, ಎಲ್ಲಾ ದೀಪ ಉರಿಸ್ಕೊಂಡು. ನಡೆಯೋ ಸ್ಪೀಡಲ್ಲಿ ಗಾಡಿ ಹೋಗ್ತಿದೆ, ಅಂದ್ರೆ ಇಂಜಿನ್ ಐಡ್ಲಿಂಗಲ್ಲೇ ಇದೆ, ಐಡ್ಲಿಂಗಲ್ಲಿ ಹಳೆ ಗಾಡಿ ಏನು ಚಾರ್ಜ್ ಮಾಡುತ್ತೆ? ಏನೂ ಇಲ್ಲ. ಬಸ್ ಸ್ಟ್ಯಾಂಡ್ ದಾಟೋಷ್ಟರಲ್ಲಿ ಬೆಳ್ಳಗಿದ್ದ ಬೆಳಕು ಹಳದಿಗಾಯ್ತು, ಹಳದಿದು ಕೆಂಪಗಾಯ್ತು, ಯಾರೋ ‘ಏನೋ ಸುಟ್ಟ ವಾಸನೆ ಬರ್ತಿದೆ’ ಅಂದ್ರಂತೆ, ಇನ್ಯಾರೋ ‘ಪಟಾಕಿದು ಬಿಡೋ’ ಅಂದ್ರಂತೆ. ಛತ್ರ ಇನ್ನೇನು ಬಂತು ಅನ್ನೋವಾಗ ಇಂಜಿನ್ ಟಪ್ ಟಪ್ ಅಂತ ಎರಡು ಸಲ ಕೆಮ್ಮಿ ನಿಂತ್ಹೋಯ್ತು. ಅದರ ಇಗ್ನಿಷನ್ನೂ ಬ್ಯಾಟರಿ ಮೇಲೇ ನಿಂತಿರೋದಲ್ವಾ, ಬ್ಯಾಟರಿ ಸತ್ರೆ ಕಿಡಿ ಎಲ್ಲಿಂದ ಬರ್ಬೇಕು. ಮದುವೆ ಗಂಡು ಪಂಚೆ ಎತ್ತಿ ಕಟ್ಟಿ ಕಿಕ್ ಹೊಡೆದಿದ್ದೇ ಹೊಡೆದಿದ್ದು. ಕೊನೆಗೆ ಬ್ಯಾಂಡಿನ ಹುಡುಗರು ವಾದ್ಯ ಕೆಳಗಿಟ್ಟು ಗಾಡಿ ತಳ್ಳಿದ್ರು. ಹೆಣ್ಣಿನ ಕಡೆ ಅಜ್ಜಿ ಒಬ್ರು, ‘ಇವರ ಮನೇಲಿ ಕರೆಂಟ್ ಇದೆಯೋ ಇಲ್ವೋ ವಿಚಾರಿಸಿದ್ರಾ’ ಅಂತ ಎಲ್ಲರ ಮುಂದೆ ಕೇಳಿದ್ರಂತೆ.

ಮದುವೆ ಮುಗಿದ್ಮೇಲೆ ಗಾಡಿ ಟೆಂಪೋಲಿ ನನ್ನ ಹತ್ರ ಬಂತು. ಸೀಟ್ ಬಿಚ್ಚಿದೆ. ದೀಪಕ್ಕೆ ಎಳೆದಿದ್ದು ಸೀರಿಯಲ್ ಸೆಟ್ಟಿಗೆ ಹಾಕ್ತಾರಲ್ಲ, ಆ ತೆಳು ವೈರು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಅದರ ಪ್ಲಾಸ್ಟಿಕ್ ಕರಗಿ ಫ್ರೇಮಿಗೆ ಅಂಟ್ಕೊಂಡಿತ್ತು, ಉಗುರಲ್ಲಿ ಕೆರೆದ್ರೆ ಬಂಕೆ ಥರ ಬರ್ತಿತ್ತು. ಟ್ಯಾಂಕಿನ ಕೆಳಗೆ, ಯೋಚನೆ ಮಾಡಿ! ಫ್ಯೂಸೇ ಇಲ್ಲ. ಯಜಮಾನ್ರು ಪಕ್ಕದಲ್ಲಿ ನಿಂತ್ಕೊಂಡು ಒಂದೇ ಮಾತು ಹೇಳ್ತಿದ್ರು, ‘ಮೀಟರಲ್ಲಿ ಮುಳ್ಳು ನಡುವೆ ಬಿಟ್ಟು ಅಲ್ಲಾಡ್ಲಿಲ್ಲವಲ್ಲಣ್ಣ’. ಬುಲೆಟ್ಟಿನ ಹೆಡ್‌ಲೈಟ್ ಹತ್ರ ಆಮ್ಮೀಟರ್ ಇರುತ್ತಲ್ಲ, ಕರೆಂಟ್ ಬ್ಯಾಟರಿಗೆ ಹೋಗ್ತಿದ್ರೆ ಮುಳ್ಳು ಪ್ಲಸ್ ಕಡೆ, ಬ್ಯಾಟರಿಯಿಂದ ಬಸೀತಿದ್ರೆ ಮೈನಸ್ ಕಡೆ. ಅದು ಯಾಕೆ ತೋರಿಸ್ಲಿಲ್ಲ ಅಂದ್ರೆ, ಆ ಮೇಸ್ತ್ರಿ ವೈರನ್ನ ಸೀದಾ ಬ್ಯಾಟರಿ ತಲೆಯಿಂದಾನೇ ಎಳೆದಿದ್ದ. ಆ ದಾರೀಲಿ ಹೋಗೋ ಕರೆಂಟು ಮೀಟರ್ ಮೂಲಕ ಹಾಯೋದೇ ಇಲ್ಲ. ತೊಟ್ಟಿ ತಳದಲ್ಲಿ ತೂತು, ಮೀಟರಿಗೆ ಗೊತ್ತೇ ಇಲ್ಲ. ಹಾಗಂತ ಆ 18 ಆಂಪನ್ನ ಮೀಟರ್ ಮೂಲಕ ಬಿಟ್ಟಿದ್ರೆ ಮೀಟರೇ ಸುಟ್ಟು ಹೋಗ್ಬಹುದಿತ್ತು. ಅಷ್ಟು ಭಾರ ಆ ಗಾಡಿ ಹೊರೋಕೇ ಆಗಲ್ಲ, ಲೆಕ್ಕ ಹಾಕಿದ್ರೆ ಮೊದಲೇ ಗೊತ್ತಾಗ್ತಿತ್ತು.

ಏನು ಮಾಡಿದೆ ಅಂದ್ರೆ, ದೀಪದ ಕ್ರೋಮ್ ಬಟ್ಟಲು, ಗೆರೆ ಗೆರೆ ಗಾಜು ಹಂಗೇ ಇಟ್ಟೆ, ಅದೇ ತಾನೆ ಅಂದ. ಫಾಗ್ ಲ್ಯಾಂಪ್ ಎರಡರ ಒಳಗಡೆ ಮಾತ್ರ ಹಳದಿ ಎಲ್‌ಇಡಿ ಕೂರ್ಸಿದೆ, ಮೇಲಿನ ಎರಡಕ್ಕೆ ಕಮ್ಮಿ ವ್ಯಾಟಿನ ಬಲ್ಬು. ಎರಡು ಜೋಡಿಗೂ ಬೇರೆ ಬೇರೆ ಸ್ವಿಚ್ಚು, ಬೇರೆ ಬೇರೆ ಫ್ಯೂಸು. ಎರಡೂವರೆ ಸ್ಕ್ವೇರ್ ಎಂಎಂ ವೈರು, ಮಧ್ಯ ರಿಲೇ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಹಾಕಿ ಆರಿಸೋ ಸ್ವಿಚ್ಚು, ಕರೆಂಟ್ ತಗೊಂಡಿದ್ದು ಬ್ಯಾಟರಿಯಿಂದ ಆಮ್ಮೀಟರ್ ದಾಟಿದ ಆಚೆ ಕಡೆಯಿಂದ, ಈಗ ದೀಪ ಹಾಕಿದ ತಕ್ಷಣ ಮುಳ್ಳು ಸತ್ಯ ಹೇಳುತ್ತೆ. ಅರ್ತಿಗೆ, ಅಂದ್ರೆ ಕರೆಂಟ್ ವಾಪಸ್ ಹೋಗೋ ದಾರಿಗೆ, ಪೇಂಟ್ ಹೊಡೆದ ಗಾರ್ಡನ್ನ ನಂಬಬೇಡಿ, ದೀಪದಿಂದ ವಾಪಸ್ ಒಂದು ವೈರು ಎಳೀರಿ. ಮೀಟರ್ ಇಲ್ಲದ ಗಾಡಿ ಆದ್ರೆ ಒಂದು ಮಲ್ಟಿಮೀಟರ್ ತಗೊಳ್ಳಿ, ಎಲ್ಲಾ ದೀಪ ಹಾಕಿ, ರಸ್ತೇಲಿ ಓಡಿಸೋಷ್ಟು ರೇಸ್ ಕೊಟ್ಟು ಬ್ಯಾಟರಿ ಮೇಲೆ ಇಟ್ಟು ನೋಡಿ, 12 ವೋಲ್ಟ್ ಗಾಡೀಲಿ ಹದಿಮೂರೂವರೆ ಹತ್ರ ನಿಂತ್ರೆ ಸರಿ, ಹನ್ನೆರಡೂವರೆಗಿಂತ ಕೆಳಗೆ ಜಾರ್ತಾ ಇದ್ರೆ ಒಂದು ದೀಪ ಆರಿಸಿ.

ಟೈಮ್ ಆಯ್ತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ, ಬೇಗ ಬೇಗ ಹೇಳ್ಬಿಡ್ತೀನಿ. ಹಳೆ ದೀಪ ಗುಜರೀಲೋ, ಬೆಂಗಳೂರಿನ ಸಂಡೇ ಬಜಾರಲ್ಲೋ ಸಿಕ್ಕಿದ್ರೆ ಒಳಗಿನ ಡೂಮನ್ನ, ಅಂದ್ರೆ ಬೆಳಕನ್ನ ಮುಂದಕ್ಕೆ ಎಸೆಯೋ ಹೊಳಪಿನ ಬಟ್ಟಲನ್ನ, ಬಟ್ಟೆ ಹಾಕಿ ಉಜ್ಜಬೇಡಿ, ಬೆಳ್ಳಿ ಲೇಪ ಬೆರಳಿಗೇ ಬಂದ್ಬಿಡುತ್ತೆ, ಸುಮ್ಮನೆ ಗಾಳಿ ಊದಿ. ಹ್ಯಾಲೊಜೆನ್ ಬಲ್ಬಿನ ಗಾಜು ಬರೀ ಕೈಯಲ್ಲಿ ಮುಟ್ಟಬೇಡಿ. ಫಾಗ್ ಲ್ಯಾಂಪು ಹೆಸರೇ ಹೇಳೋ ಹಾಗೆ ಮಂಜಿಗೆ, ಕೆಳಗಿರಲಿ, ನೆಲ ನೋಡ್ಲಿ, ಎದುರಿಗೆ ಬರೋನ ಕಣ್ಣಿಗೆ ಬೇಡ. ಕಾನೂನೂ ಇದೆ, ಮುಂದಕ್ಕೆ ಕೆಂಪು ದೀಪ ಹಾಕೋ ಹಾಗಿಲ್ಲ, ಸರ್ಚ್ ಲೈಟ್ ಥರದ್ದು ಹಾಕ್ಬೇಕಾದ್ರೆ ಆರ್‌ಟಿಓ ಒಪ್ಪಿಗೆ ಬೇಕು. ಕಣ್ಣು ಕುಕ್ಕೋ ಎಲ್‌ಇಡಿಗಳ ಮೇಲೆ 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕೇಸ್ ಹಾಕಿದ್ದು ನೆನಪಿರ್ಬೇಕು. ಆ ನೀಲಿ ಬಿಳಿ ಪಟ್ಟಿ ಲೈಟುಗಳನ್ನಂತೂ ಹಳೆ ಗಾಡಿಗೆ ಹಾಕಲೇಬೇಡಿ, ಇದು ಕಾನೂನಲ್ಲ, ನನ್ನ ಬೇಡಿಕೆ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ಅಂತ ವಿಎ ಅಕ್ಷರ ಇರೋ ಬೇರೆ ನಂಬರೇ ಕೊಡ್ತಾರೆ, ಆದ್ರೆ ಆ ನಂಬರಲ್ಲಿ ದಿನಾ ಓಡಿಸೋ ಹಾಗಿಲ್ಲ, ತಿಳ್ಕೊಂಡು ಅರ್ಜಿ ಹಾಕಿ.

ಹಳೆ ಇಂಗ್ಲಿಷ್ ಗಾಡಿ ಇರೋರು ಇನ್ನೊಂದು ನೋಡ್ಕೊಳ್ಳಿ, ಕೆಲವಲ್ಲಿ ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಅರ್ತ್ ಆಗಿರುತ್ತೆ, ಅದಕ್ಕೆ ಎಲ್‌ಇಡಿ ಮಾಮೂಲಿ ಥರ ಕೊಟ್ರೆ ಉರಿಯಲ್ಲ, ಅಂಗಡಿಯವನ ಮೇಲೆ ಜಗಳಕ್ಕೆ ಹೋಗೋ ಮುಂಚೆ ವೈರ್ ತಿರುಗಿಸಿ ನೋಡಿ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದ್ರೆ ಅದನ್ನ ಮಿಣುಕಿಸೋ ಫ್ಲಾಷರ್ ಕೂಡ ಬದಲಾಯಿಸ್ಬೇಕು, ಹಳೇದು ಅಷ್ಟು ಕಮ್ಮಿ ಕರೆಂಟಿಗೆ ಮಿಣುಕೋದೇ ಇಲ್ಲ. ನಮಸ್ಕಾರ.