ಬಲಮುರಿಯ ಹೆಸರನ್ನು ಬರೆದಿಡುವವರು ಯಾರು?

ನಮಸ್ಕಾರ. ಕೊಡಗಿನ ಊರುಗಳ ಹೆಸರಿನ ಮಾತು ಬಂದಾಗಲೆಲ್ಲ ನಾವು ಅರಸರಿಂದಲೇ ಆರಂಭಿಸುತ್ತೇವೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ನೆಲೆಗೊಳಿಸಿದ ಮುದ್ದುರಾಜಕೇರಿ ಮಡಿಕೇರಿಯಾಯಿತು, ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ ವಿರಾಜಪೇಟೆಯಾಯಿತು ಎಂಬುದನ್ನು ಪುಸ್ತಕಗಳು ಕಾಪಾಡಿವೆ. ಆದರೆ ಅರಸನ ಹೆಸರಿಲ್ಲದ, ಕೆಲವು ಐನ್‌ಮನೆ (ಕೊಡವ ಕುಟುಂಬಗಳ ಮೂಲಮನೆ), ಗದ್ದೆಬಯಲು, ಒಂದು ದೇವಸ್ಥಾನದ ಸುತ್ತ ಬೆಳೆದ ಪುಟ್ಟ ಊರುಗಳ ಹೆಸರಿನ ಕಾರಣವು ಹಿರಿಯರ ನಾಲಿಗೆಯ ಮೇಲೆ ಮಾತ್ರ ಉಳಿದಿದೆ. ಅದು ಅವರೊಂದಿಗೇ ಮುಗಿದುಹೋಗಲು ಬಿಡಬಾರದು.

ಮೂರ್ನಾಡಿನ ಸಮೀಪ, ಕಾವೇರಿಯ ದಡದಲ್ಲಿರುವ ಬಲಮುರಿಯನ್ನೇ ನೋಡಿ. ಇಲ್ಲಿ ‘ಮುರಿ’ ಎಂದರೆ ತಿರುಗುವುದು; ಬಲಮುರಿ ಶಂಖ, ಬಲಮುರಿ ಗಣಪತಿ ಎನ್ನುವಾಗ ಇರುವ ಅರ್ಥವೇ ಇದು. ಅಗಸ್ತ್ಯರನ್ನು ತೊರೆದು ನದಿಯಾಗಿ ಹರಿದ ಕಾವೇರಿಯನ್ನು ತಡೆಯಲು ಕೊಡವರು ಇಲ್ಲಿ ಸೇರಿದರೆಂದೂ, ಅವಳು ಬಲಕ್ಕೆ ತಿರುಗಿ ನುಗ್ಗಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವೆಂದೂ ಕಥೆ ಹೇಳುತ್ತದೆ. ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿ, ಸೆರಗನ್ನು ಎಡತೋಳಿನ ಕೆಳಗಿನಿಂದ ತಂದು ಬಲಹೆಗಲ ಮೇಲೆ ಬಿಗಿಯುವ ಕೊಡವತಿಯರ ಉಡುಗೆಗೆ ಇಂದಿಗೂ ಇದೇ ಕಾರಣವನ್ನು ಕೊಡುತ್ತಾರೆ. ಒಂದು ಸಣ್ಣ ಊರಿನ ಹೆಸರು ಇಡೀ ಜನಾಂಗದ ಸೀರೆಯ ನೆರಿಗೆಯವರೆಗೆ ಚಾಚಿಕೊಂಡಿರುವುದು ನನಗೆ ಬಹು ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಅಲ್ಲಿನ ತಗ್ಗಿನ ಸೇತುವೆ ಮುಳುಗುವುದನ್ನು ಕಂಡವರಿಗೆ ಆ ರಭಸದ ಕಲ್ಪನೆ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕೇಳಿದ ಕಥೆಯನ್ನೆಲ್ಲ ಇತಿಹಾಸವೆಂದು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಟಿಪ್ಪು ಹುಟ್ಟಿದ ಸುದ್ದಿ ಹೈದರಾಲಿಗೆ ತಲುಪಿದ ಜಾಗವಾದ್ದರಿಂದ ಕುಶಾಲನಗರ ಎಂಬ ಹೆಸರು ಬಂತೆನ್ನುವ ಮಾತು ಬಹಳ ಪ್ರಚಲಿತವಾಗಿದೆ. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ಹೈದರನ ಕಣ್ಣು ಕೊಡಗಿನ ಮೇಲೆ ಬಿದ್ದದ್ದು 1760ರ ದಶಕದಲ್ಲಿ. ಇಸವಿಗಳೇ ಹೊಂದುವುದಿಲ್ಲ. ಬಲಮುರಿಯ ಕಥೆ ಬೇರೆ ಬಗೆಯದು. ಅದು ಪುರಾಣವೆಂದೇ ಹೇಳಿಕೊಳ್ಳುತ್ತದೆ, ಹೊಳೆಯನ್ನೇ ಸಾಕ್ಷಿಯಾಗಿ ತೋರಿಸುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಇಂದು ಕೊಡಗಿನ ದಾರಿಬದಿಗಳಲ್ಲಿ ಹೋಂಸ್ಟೇ, ರೆಸಾರ್ಟ್‌ಗಳ ಫಲಕಗಳು ಊರಿನ ಫಲಕಕ್ಕಿಂತ ದೊಡ್ಡದಾಗಿವೆ. ಬರುವವರು ದಾರಿ ಕೇಳುವುದೂ ಆ ಹೆಸರುಗಳಿಂದಲೇ. ಆದ್ದರಿಂದ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಊರು, ಕೇರಿ, ಹೊಳೆಕಡವುಗಳ ಹೆಸರನ್ನೂ ಅವುಗಳಿಗೆ ಹಿರಿಯರು ಕೊಡುವ ಕಾರಣವನ್ನೂ ಗ್ರಾಮಸಭೆಯಲ್ಲಿ ಓದಿ ದಾಖಲಿಸಬೇಕು. ಒಂದೇ ಹೆಸರಿಗೆ ಎರಡು ಕಥೆಗಳಿದ್ದರೆ ಎರಡನ್ನೂ ಬರೆಯಲಿ, ಹೇಳಿದವರು ಯಾವ ಒಕ್ಕದವರು, ಅಂದರೆ ಯಾವ ಮನೆತನದವರು, ಎಂಬುದನ್ನೂ ಜೊತೆಗೆ ಸೇರಿಸಲಿ.