ಜೋಮು ಹಿಡಿದಾಗಲೇ ಕೈ ಎತ್ತಿ

ಎಲ್ಲರಿಗೂ ನಮಸ್ಕಾರ.

ಇವತ್ತು ಫೆಬ್ರವರಿಯ ಕೊನೆಯ ದಿನ. 2000ದಿಂದ ಈ ದಿನವನ್ನು ಹಲವು ದೇಶಗಳಲ್ಲಿ ಆರ್‌ಎಸ್‌ಐ ಜಾಗೃತಿ ದಿನ ಅಂತ ಆಚರಿಸುತ್ತಾರೆ. ಮಾಡಿದ್ದನ್ನೇ ಮಾಡಿ ಮಾಡಿ ಕೈಗೆ ಬರುವ ನೋವಿಗೆ ಆ ಹೆಸರು. ಮೊದಲು ಆರಿಸಿಕೊಂಡದ್ದು ಫೆಬ್ರವರಿ 29ನ್ನು. ಯಾಕಂದ್ರೆ ಪ್ರತಿ ವರ್ಷ ಮರಳಿ ಬಾರದ ದಿನ ಅದೊಂದೇ. ಎಷ್ಟು ಚೆನ್ನಾಗಿ ಹೊಳೆದಿದೆ ನೋಡಿ!

ಇಲ್ಲಿ ಡಿಟಿಪಿ, ಅಂದ್ರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವವರಿದ್ದೀರಿ, ಕಚೇರಿಗಳಲ್ಲಿ ಟೈಪ್ ಮಾಡುವವರಿದ್ದೀರಿ, ಈಗಷ್ಟೇ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿರುವ ಮಕ್ಕಳಿದ್ದೀರಿ. ನಾನು ಹೇಳಬೇಕಾದ್ದು ಒಂದೇ ಮಾತು. ಬೆರಳು ಜೋಮು ಹಿಡಿದಾಗಲೇ ಕೀಬೋರ್ಡ್ ಮೇಲಿಂದ ಕೈ ಎತ್ತಿ. ಈ ಪುಟ ಮುಗಿಸಿ ಎತ್ತುತ್ತೇನೆ ಅನ್ನಬೇಡಿ.

ನಾನು ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತಿದ್ದೆ. ಪುಟಕ್ಕೆ ಇಷ್ಟು ಅಂತ ದುಡ್ಡು. ರಾಜ್ಯೋತ್ಸವ ಹತ್ತಿರ ಬಂದರೆ ಪುಸ್ತಕ ಬಿಡುಗಡೆಗಳ ಸಾಲು, ಎಲ್ಲವೂ ಅರ್ಜೆಂಟ್. ರಾತ್ರಿ ಮೂರು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತಿತ್ತು. ಎದ್ದು ಕೈ ಕೊಡವುತ್ತಿದ್ದೆ, ಸರಿ ಹೋಗುತ್ತಿತ್ತು, ಮಲಗುತ್ತಿದ್ದೆ. ಕೈ ಮೇಲೆ ತಲೆ ಇಟ್ಟು ಮಲಗಿರಬೇಕು ಅಂದುಕೊಂಡೆ. ಹೀಗೆ ಹನ್ನೊಂದು ತಿಂಗಳು ಕಳೆದೆ.

ಆಮೇಲೆ ಆಯುಧಪೂಜೆ ಬಂತು. ಹಿಂದಿನ ಸಂಜೆ ಪ್ರೆಸ್ಸಿನ ಮೆಷಿನ್‌ಗಳಿಗೆ ಹಾರ ಕಟ್ಟಲು ಮನೆಯಲ್ಲಿ ಕೂತೆ. ಎದುರಿಗೆ ಮೊರದ ತುಂಬ ಸೇವಂತಿಗೆ, ಪಕ್ಕದಲ್ಲಿ ನೆನೆಸಿಟ್ಟ ಬಾಳೆ ನಾರು. ಹೂವು ಕಟ್ಟೋದು ನನಗೆ ಏಳನೇ ವಯಸ್ಸಿನಿಂದ ಬರುತ್ತೆ. ಕೈ ನೋಡದೆ, ಮಾತಾಡುತ್ತಾ ಕಟ್ಟುವವಳು. ಅವತ್ತು ಹೆಬ್ಬೆರಳು ತೋರುಬೆರಳಿನ ನಡುವೆ ನಾರು ಇದೆಯೋ ಇಲ್ಲವೋ ಅಂತಲೇ ತಿಳಿಯಲಿಲ್ಲ. ಬಗ್ಗಿ ನೋಡಿ ನೋಡಿ ಗಂಟು ಹಾಕಿದೆ. ಅರ್ಧ ಮೊಳ ಆಯಿತು ಅಂತ ಎತ್ತಿ ಹಿಡಿದರೆ ನಾಲ್ಕೈದು ಹೂವು ಮಡಿಲಿಗೆ ಬಿದ್ದವು. ಅಮ್ಮ, "ಯಾಕೇ ಪುಟ್ಟಿ, ಇಷ್ಟು ಸಡಿಲ ಕಟ್ಟಿದ್ದೀಯ?" ಅಂದರು. ನನ್ನ ಮುಖ ನೋಡಿದವರು ಮತ್ತೇನೂ ಕೇಳಲಿಲ್ಲ. ನಾರು ಕೈಯಿಂದ ತಗೊಂಡು ತಾವೇ ಕಟ್ಟಿ ಮುಗಿಸಿದರು.

ಡಾಕ್ಟರ್ ಎರಡೇ ಪ್ರಶ್ನೆ ಕೇಳಿದರು. ರಾತ್ರಿ ಎದ್ದು ಕೈ ಕೊಡವುತ್ತೀರಾ? ಹೌದು. ಕಿರುಬೆರಳು ಜೋಮು ಹಿಡಿಯುತ್ತಾ? ಯೋಚಿಸಿದೆ, ಇಲ್ಲ. ಅಷ್ಟಕ್ಕೇ ಅವರಿಗೆ ಮುಕ್ಕಾಲು ಪಾಲು ಗೊತ್ತಾಗಿತ್ತು. ಮಣಿಕಟ್ಟಿನಲ್ಲಿ ಒಂದು ಕಿರಿದಾದ ದಾರಿ ಇದೆ. ಕೆಳಗೆ, ಅಕ್ಕಪಕ್ಕ ಮೂಳೆ, ಮೇಲೆ ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಚುವ ಒಂಬತ್ತು ಹುರಿಗಳು, ಜೊತೆಗೆ ಒಂದು ನರ. ಒಂದೇ ಪೈಪಿನಲ್ಲಿ ಹತ್ತು ವೈರ್ ಎಳೆದ ಹಾಗೆ. ಒಳಗೆ ಊತ ಬಂದರೆ ಅಮುಕಿ ಹೋಗೋದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟಕ್ಕೆ ಸ್ಪರ್ಶ ಕೊಡೋದು ಆ ನರ. ಕಿರುಬೆರಳಿನ ನರ ಬೇರೆ ದಾರಿಯಲ್ಲಿ ಹೋಗುತ್ತೆ. ಅದಕ್ಕೇ ಆ ಪ್ರಶ್ನೆ. ನರದ ಪರೀಕ್ಷೆ ಆಯಿತು. ಥೈರಾಯ್ಡ್, ಸಕ್ಕರೆ ಕೂಡ ನೋಡಿದರು. ಅವುಗಳಿಂದಲೂ ಇದು ಬರಬಹುದು, ಬಸುರಿಯರಿಗೂ ಬರುತ್ತೆ.

ಎಡಗೈಗೆ ಆಗಷ್ಟೇ ಶುರುವಾಗಿತ್ತು. ರಾತ್ರಿ ಮಣಿಕಟ್ಟು ಮಡಚದ ಹಾಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರಲ್ಲೇ ವಾಸಿಯಾಯಿತು. ಬಲಗೈಗೆ ಆಪರೇಷನ್ ಆಯಿತು. ನೋಡಿ, ಎರಡೂ ಅಂಗೈ ತೋರಿಸುತ್ತೇನೆ. ಬಲಗಡೆ ಹೆಬ್ಬೆರಳಿನ ಬುಡದಲ್ಲಿ ಮಾಂಸ ಇಳಿದಿದೆ, ಮುಂದಿನವರಿಗೆ ಕಾಣಿಸ್ತಿದೆ ಅಲ್ವಾ? ಎರಡೂ ನನ್ನ ಕೈಗಳೇ, ಕೆಲಸವೂ ಒಂದೇ. ಒಂದಕ್ಕೆ ಬೇಗ ಚಿಕಿತ್ಸೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಆದ್ದರಿಂದ ಮತ್ತೆ ಹೇಳುತ್ತೇನೆ, ಜೋಮು ಹಿಡಿದಾಗಲೇ ಕೈ ಎತ್ತಿ.

ಹಾಗಂತ ಕೀಬೋರ್ಡ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಅದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ಟೈಪ್ ಮಾಡುವವರಲ್ಲಿ ಮುಂಗೈ, ಭುಜ, ಕತ್ತಿನ ನೋವೂ ಜಾಸ್ತಿ. ಮೊಬೈಲ್‌ನಲ್ಲಿ ಒತ್ತಿ ಒತ್ತಿ ಹೆಬ್ಬೆರಳಿನ ಕಡೆಯ ಮಣಿಕಟ್ಟು ನೋಯೋದೂ ಉಂಟು. ಇದು ಕಂಪ್ಯೂಟರ್ ಕಾಲದ ಕಾಯಿಲೆಯೂ ಅಲ್ಲ. ಇಟಲಿಯ ವೈದ್ಯ ರಮಾತ್ಸಿನಿ 1700ರಲ್ಲೇ ಗುಮಾಸ್ತರ ನೋವಿಗೆ ಮೂರು ಕಾರಣ ಬರೆದಿದ್ದರು. ಕೂತೇ ಇರೋದು, ಒಂದೇ ರೀತಿ ಕೈ ಆಡಿಸೋದು, ತಪ್ಪಾಗಬಾರದು ಅನ್ನೋ ಮನಸ್ಸಿನ ಬಿಗಿ. ಮೂರನೆಯದನ್ನು ಪ್ರೂಫ್ ತಿದ್ದುವವರು ಚೆನ್ನಾಗಿ ಬಲ್ಲರು.

ಹಿಂದಿನ ಸಾಲಿನಲ್ಲಿ ಯಾರೋ ನೆಟಿಗೆ ತೆಗೆದ ಸದ್ದು ಕೇಳಿಸಿತು. ತೆಗೀರಿ, ಪರವಾಗಿಲ್ಲ, ಕೀಬೋರ್ಡ್ ಮೇಲಿಂದ ಕೈ ಎತ್ತಿದಿರಲ್ಲ!

ನಮ್ಮ ಕನ್ನಡದ ಮಾತಿಗೆ ಬರುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ 'ಸ್ವಾತಂತ್ರ್ಯ' ಅಂತ ಒತ್ತಿ ಎಣಿಸಿ. ಕಣ್ಣಿಗೆ ಮೂರು ಅಕ್ಷರ. ಬೆರಳಿಗೆ ಹನ್ನೊಂದು ಕೀಲಿ, ಮೇಲೆ ಎರಡು ಸಲ ಶಿಫ್ಟ್. ಒತ್ತಕ್ಷರಕ್ಕೆ ಎಫ್ ಬೇಕು. ದೀರ್ಘಕ್ಕೆ, ಮಹಾಪ್ರಾಣಕ್ಕೆ, ಸೊನ್ನೆಗೆ ಶಿಫ್ಟ್ ಬೇಕು. ಆ ಶಿಫ್ಟ್ ಒತ್ತೋದು ಎಲ್ಲಕ್ಕಿಂತ ಬಡಪಾಯಿ ಕಿರುಬೆರಳು. ದೀರ್ಘ ಆ ಹಾಕುವಾಗ ತುಂಬ ಜನ ಎಡಗೈಯಲ್ಲೇ ಶಿಫ್ಟ್, ಎಡಗೈಯಲ್ಲೇ ಎ ಒತ್ತುತ್ತಾರೆ. ಮಣಿಕಟ್ಟು ಸೊಟ್ಟಗಾಗುತ್ತೆ. ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್ ಅಂತ ಟೈಪಿಂಗ್ ಮೇಷ್ಟ್ರು ಬೈದು ಕಲಿಸುತ್ತಿದ್ದದ್ದು ಇದಕ್ಕೇ. ಮಣಿಕಟ್ಟು ಊರಲೂ ಬಿಡುತ್ತಿರಲಿಲ್ಲ. ಟೈಪ್‌ರೈಟರ್‌ನಲ್ಲಿ ಸಾಲು ಮುಗಿದಾಗ ಲಿವರ್ ತಳ್ಳಬೇಕು, ಪುಟ ಮುಗಿದಾಗ ಕಾಗದ ಬದಲಿಸಬೇಕು. ಕೈ ತಾನಾಗಿ ಎದ್ದು ಹೋಗುತ್ತಿತ್ತು. ಕಂಪ್ಯೂಟರ್ ಬಂದು ಆ ಬಿಡುವನ್ನು ಕಿತ್ತುಕೊಂಡಿತು. ಅದನ್ನು ನಾವೇ ವಾಪಸ್ ತರಬೇಕು. ವರ್ಕ್‌ರೇವ್ ಅಂತ ಒಂದು ಉಚಿತ ತಂತ್ರಾಂಶ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತೆ. ನೀವು ಹೇಳಿದ ಹೊತ್ತಿಗೆ ಏಳು ಅಂತ ನೆನಪಿಸುತ್ತೆ.

ಚೀಟಿ ಬಂತು. ಐದು ನಿಮಿಷ ಅಂತೆ, ಬೇಗ ಹೇಳುತ್ತೇನೆ. ಕೀಬೋರ್ಡ್ ಹಿಂದಿನ ಎರಡು ಕಾಲು ಮಡಚಿಬಿಡಿ. ಎತ್ತಿಟ್ಟರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ. ಮೊಣಕೈ ಮೈಗೆ ಹತ್ತಿರ ಇರಲಿ, ಮೌಸ್ ಕೀಬೋರ್ಡಿಗೆ ಅಂಟಿಕೊಂಡಿರಲಿ. ಲ್ಯಾಪ್‌ಟಾಪ್ ಆದರೆ ಪುಸ್ತಕಗಳ ಮೇಲೆ ಎತ್ತಿಟ್ಟು ಬೇರೆ ಕೀಬೋರ್ಡ್ ಹಾಕಿ. ಶಿಫ್ಟ್ ಹಿಡಿಯೋದು ಕಷ್ಟವಾದರೆ ವಿಂಡೋಸ್‌ನಲ್ಲಿ ಸ್ಟಿಕ್ಕಿ ಕೀಸ್ ಇದೆ, ಶಿಫ್ಟ್ ಒಮ್ಮೆ ಒತ್ತಿ ಬಿಟ್ಟರೆ ಸಾಕು. 2017ರಿಂದ ಗೂಗಲ್‌ನಲ್ಲಿ ಕನ್ನಡ ಮಾತಾಡಿಯೇ ಬರೆಸಬಹುದು. ನಾನೀಗ ಮೊದಲ ಕರಡನ್ನು ಹೇಳಿಬಿಡುತ್ತೇನೆ, ಕೈ ತಿದ್ದಲಿಕ್ಕೆ ಮಾತ್ರ. ನೋವಿನ ಮಾತ್ರೆ ನುಂಗಿ ಪುಟ ಮುಗಿಸಬೇಡಿ. ಜೋಮಿಗೆ ಉಳುಕು ತೆಗೆಯುವವರ ಹತ್ತಿರ ನೀವಿಸಿಕೊಳ್ಳಬೇಡಿ.

ಪ್ರೆಸ್ ಮಾಲೀಕರೂ ಕೂತಿದ್ದೀರಿ. ಪುಟದ ಲೆಕ್ಕದಲ್ಲಿ ದುಡಿಯುವವರಿಗೆ ಕೈ ಎತ್ತಿದರೆ ದುಡ್ಡು ಹೋಗುತ್ತೆ. ಆ ಬಿಡುವಿಗೂ ದುಡ್ಡು ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದೇ ಮಾತು. ಬಾಗಿಲ ಹತ್ತಿರ ಮಣಿಕಟ್ಟಿಗೆ ಕರ್ಚೀಫ್ ಬಿಗಿದುಕೊಂಡು ಕೂತಿದ್ದೀಯಲ್ಲ, ನೀನೇ ಮಗಳೇ, ಊಟಕ್ಕೆ ಹೋಗುವ ಮುಂಚೆ ನನ್ನ ಹತ್ತಿರ ಬಾ. ನಿನ್ನ ಕಿರುಬೆರಳಿನ ವಿಷಯ ಕೇಳಬೇಕು.